ಎರಡೂ ಕೈ ಕಂಡರೆ ಮಾತ್ರ ಮೈಕು

ಬೆಳಗಿನ ಆರೂ ಕಾಲು. ಮೈಸೂರಿನ ಜಯಲಕ್ಷ್ಮಿಪುರಂನ ಒಂದು ಹಳೆಯ ಮನೆಯ ಹಿತ್ತಲಲ್ಲಿ, ಕಬ್ಬಿಣದ ಟವರಿನ ಬುಡದಲ್ಲಿ ಹುಚ್ಚಯ್ಯ ನಿಂತಿದ್ದಾರೆ. ಅಂಗೈಯ ಬೆವರನ್ನು ಖಾಕಿ ಪ್ಯಾಂಟಿಗೆ ಒರೆಸುತ್ತಾರೆ. ಮತ್ತೆ ಬೆವರುತ್ತದೆ, ಮತ್ತೆ ಒರೆಸುತ್ತಾರೆ. ಟವರಿನ ಎತ್ತರ ಎಪ್ಪತ್ತೆರಡು ಅಡಿ. ತುದಿಯಲ್ಲಿ ಅಲ್ಯೂಮಿನಿಯಂ ಕೊಳವೆಗಳ ಆಂಟೆನಾ ಒಂದು ಕಡೆಗೆ ವಾಲಿಕೊಂಡಿದೆ. ಗುರುವಾರದ ಗಾಳಿಮಳೆಯ ಕೆಲಸ ಅದು.

“ಟವರ್ ಅತ್ತೋ ದಿನ ಒಟ್ಟೆಗೆ ಏನೂ ಆಕಲ್ಲ ಸಾ, ಕಾಫೀನೂ ಇಲ್ಲ” ಎನ್ನುತ್ತಾರೆ ಹುಚ್ಚಯ್ಯ. ಯಾಕೆ ಎಂದರೆ, “ಎದ್ರಿಕೆಗೆ ಒಟ್ಟೆ ತೊಳೆಸ್ತದೆ. ಮೇಲೆ ನಿಂತ್ಕಂಡು ವಾಂತಿ ಮಾಡಕ್ಕಾಯ್ತದಾ?”

ನಾನು ಬಂದಿದ್ದು ಧೈರ್ಯವಂತನೊಬ್ಬನ ಬಗ್ಗೆ ಬರೆಯಲು. ಹದಿಮೂರು ವರ್ಷದಿಂದ ಟವರ್ ಹತ್ತುವ ಮನುಷ್ಯ ಎಂದರೆ ಮೀಸೆ ತಿರುವುವವರೇ ಇರಬೇಕು ಎಂದುಕೊಂಡಿದ್ದೆ. ಸ್ಟೂಲಿನ ಮೇಲೆ ನಿಂತು ಬಲ್ಬು ಬದಲಿಸುವುದಕ್ಕೂ ಹೆಂಡತಿಯನ್ನು ಕರೆಯುವ ನನಗೆ, ನನ್ನಷ್ಟೇ ಹೆದರಿದವರೊಬ್ಬರು ಎದುರು ನಿಂತಿರುವುದು ನೋಡಿ, ಬರೆದು ತಂದ ಪ್ರಶ್ನೆಗಳನ್ನೆಲ್ಲ ಹೊಡೆದುಹಾಕಬೇಕಾಗುತ್ತದೆ.

ಹುಚ್ಚಯ್ಯನವರಿಗೆ ಐವತ್ತೇಳು. ಅಶೋಕಪುರಂನವರು. ರೈಲ್ವೆ ವರ್ಕ್‌ಶಾಪಿನಲ್ಲಿ ಖಲಾಸಿ. ಭಾರ ಎತ್ತುವುದು, ಹಗ್ಗ ಬಿಗಿಯುವುದು ಅಲ್ಲಿನ ಕೆಲಸ. ರಜೆಯ ದಿನಗಳಲ್ಲಿ ಅವರು ಜಯಲಕ್ಷ್ಮಿಪುರಂ ಹವ್ಯಾಸಿ ರೇಡಿಯೋ ಕೂಟದ ಟವರ್ ಹತ್ತುತ್ತಾರೆ. ಪರೀಕ್ಷೆ ಬರೆದು, ಸರ್ಕಾರದ ಪರವಾನಗಿ ಪಡೆದು, ಮನೆಯಲ್ಲೇ ಸೆಟ್ ಇಟ್ಟುಕೊಂಡು ಊರೂರಿನವರೊಡನೆ ಮಾತನಾಡುವವರ ಸಂಘ ಇದು. ಸದಸ್ಯರು ನಲವತ್ತಮೂರು. ದಿನಾ ಬೆಳಗ್ಗೆ ಆರೂವರೆಗೆ ಎಲ್ಲರೂ ರೇಡಿಯೋದಲ್ಲೇ ಹಾಜರಿ ಹೇಳುತ್ತಾರೆ. ಮೂರು ದಿನ ಒಬ್ಬರ ದನಿ ಕೇಳದಿದ್ದರೆ ಹತ್ತಿರದವರೊಬ್ಬರು ಸ್ಕೂಟರ್ ಹತ್ತಿ ಅವರ ಮನೆಗೆ ಹೋಗಿ ನೋಡಿ ಬರಬೇಕೆಂಬುದು ಕೂಟದ ಕಟ್ಟಳೆ. ದಸರಾ ಮೆರವಣಿಗೆಯಲ್ಲಿ ಕಳೆದುಹೋದವರನ್ನು ಹುಡುಕಿಕೊಡುವುದರಲ್ಲೂ ಇವರ ಕೈ ಇರುತ್ತದೆ. ಈ ವಾರ ಒಂಬತ್ತು ಸದಸ್ಯರು ಹೆಗ್ಗಡದೇವನಕೋಟೆಯ ಹ್ಯಾಂಡ್‌ಪೋಸ್ಟ್ ಎಂಬ ಊರಿನಾಚೆ, ಕಾಡಂಚಿನಲ್ಲಿ ಶಿಬಿರ ಹೂಡಿದ್ದಾರೆ. ಅಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಬ್ಯಾಟರಿಯ ಮೇಲೆ ನಡೆಯುವ ಅವರ ಪುಟ್ಟ ಸೆಟ್ಟಿನ ದನಿ ತಲುಪುವುದು ಈ ಒಂದೇ ಆಂಟೆನಾಕ್ಕೆ. ಅದಕ್ಕೇ ಇವತ್ತು ರಿಪೇರಿಯಾಗಬೇಕು, ಆಗುವಾಗಲೂ ಸೆಟ್ ಆರಿಸುವಂತಿಲ್ಲ.

ಇಲ್ಲೇ ಇರುವುದು ಭಯದ ಮಾತು. ಸೆಟ್ ಬರೀ ಕೇಳಿಸಿಕೊಳ್ಳುತ್ತಿದ್ದರೆ ಮೇಲಿರುವವರಿಗೆ ಏನೂ ಆಗುವುದಿಲ್ಲ. ಕೆಳಗೆ ಯಾರಾದರೂ ಮೈಕಿನ ಗುಂಡಿ ಒತ್ತಿ ಮಾತಾಡಿದರೆ ಮಾತ್ರ ಆ ಶಕ್ತಿಯೆಲ್ಲ ಆಂಟೆನಾದಲ್ಲಿ ಹರಿಯುತ್ತದೆ. ಆಗ ಕೊಳವೆ ಹಿಡಿದಿದ್ದ ಕೈ ಸುಟ್ಟು ತಾನಾಗಿ ಬಿಟ್ಟುಬಿಡುತ್ತದೆ.

“ಕಾದಿರೋ ದಬ್ಬಳ ಚುಚ್ಚಿದಂಗೆ ಸಾ. ಒಂದ್ಸಲ ತಿಂದಿದೀನಿ” ಎಂದು ಹುಚ್ಚಯ್ಯ ಎಡಗೈಯ ತೋರುಬೆರಳಿನ ಬಿಳಿಯ ಕಲೆ ತೋರಿಸುತ್ತಾರೆ. “ಅವತ್ತು ಆಂಟೆನಾ ಕೆಳಗೇ ಇತ್ತು, ನಾನು ಹತ್ತಡೀಲಿದ್ದೆ, ಸುಮ್ಕೆ ಕುಂಡಿ ಮೇಲೆ ಬಿದ್ದೆ. ಮೇಲಿದ್ದಿದ್ರೆ?”

ಅವತ್ತಿನಿಂದ ಹುಚ್ಚಯ್ಯ ಹತ್ತುವ ಮುನ್ನ ಸೆಟ್ಟಿನ ಮೈಕನ್ನು ತಾವೇ ಬಿಚ್ಚಿ ಜೇಬಿಗೆ ಹಾಕಿಕೊಳ್ಳತೊಡಗಿದರು. ಹಳೆಯ ಮೈಕು ಒಂದಿತ್ತು, ಅದನ್ನೂ ಬಿಡಲಿಲ್ಲ. ಮೈಕು ಜೇಬಿನಲ್ಲಿದ್ದರೆ ಯಾರೂ ಮಾತಾಡುವ ಹಾಗಿಲ್ಲ. ಇದಕ್ಕಿಂತ ಭದ್ರವಾದ ಉಪಾಯ ಯಾರಿಗೂ ಹೊಳೆದಿರಲಿಲ್ಲ.

1997ರ ಆಗಸ್ಟಿನಲ್ಲಿ ಒಂದು ಭಾನುವಾರ ಆ ಉಪಾಯವೇ ಮುಳುವಾಯಿತು. ಕುವೆಂಪುನಗರದಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿರುವ ಸದಸ್ಯ ಮಹಾಂತೇಶ್ ಜೀಪಿನಲ್ಲಿ ಬರುತ್ತಿದ್ದಾಗ ನಾಲೆಯ ಏರಿಯಿಂದ ಜೀಪು ಉರುಳಿತು. ಅವರ ಕಾಲು ಸೀಟಿನಡಿ ಸಿಕ್ಕಿಕೊಂಡಿತ್ತು, ಕೈಗೆ ಜೀಪಿನ ರೇಡಿಯೋ ಎಟುಕುತ್ತಿತ್ತು, ಅಷ್ಟು ದೂರದಿಂದ ಅದರ ದನಿ ತಲುಪುವುದು ಈ ಆಂಟೆನಾಕ್ಕೆ ಮಾತ್ರ. ಕರೆದರು. ಈ ಮನೆಯ ಯಜಮಾನರೂ ಕೂಟದ ಕಾರ್ಯದರ್ಶಿಯೂ ಆದ ಸದಾಶಿವಯ್ಯನವರು ಸೆಟ್ಟಿನ ಮುಂದೆ ಕೂತು ಒಂದೊಂದು ಮಾತನ್ನೂ ಕೇಳಿಸಿಕೊಂಡರು. ಎಲ್ಲಿದ್ದೀರಿ ಎಂದು ವಾಪಸ್ ಕೇಳಲು ಮೈಕಿರಲಿಲ್ಲ. ಮೈಕು ಎಪ್ಪತ್ತು ಅಡಿ ಮೇಲೆ ಹುಚ್ಚಯ್ಯನವರ ಜೇಬಿನಲ್ಲಿತ್ತು.

“ಯಾರಾದ್ರೂ ಇದ್ದೀರಾ, ಯಾರಾದ್ರೂ ಇದ್ದೀರಾ ಅಂತಿದ್ರು ಕಣ್ರೀ. ನಾನು ಇಲ್ಲೇ ಇದ್ದೆ” ಎಂದ ಎಪ್ಪತ್ತೊಂದು ವರ್ಷದ ಸದಾಶಿವಯ್ಯನವರು ಎದ್ದು ಒಳಗೆ ಹೋಗುತ್ತಾರೆ.

ಕೆಳಗಿನ ಕೂಗಾಟ ಗಾಳಿಯಲ್ಲಿ ಮೇಲಕ್ಕೆ ಸರಿಯಾಗಿ ಕೇಳಿಸಲಿಲ್ಲ. ಏನೋ ಆಗಿದೆ ಎಂದು ಗೊತ್ತಾಗಿ ಹುಚ್ಚಯ್ಯ ಇಳಿಯತೊಡಗಿದಾಗ ಅವಸರಕ್ಕೆ ಕಾಲು ಜಾರಿ, ಬೆಲ್ಟಿನಲ್ಲಿ ನೇತಾಡಿ, ಅಂಗೈ ಕಿತ್ತುಕೊಂಡು ನೆಲ ಮುಟ್ಟಿದರು. ಅಷ್ಟಕ್ಕೆ ಹನ್ನೊಂದು ನಿಮಿಷ. ಮಹಾಂತೇಶ್ ಉಳಿದರು, ಈಗಲೂ ಕುಂಟುತ್ತಾರೆ. ಅವರ ಪಕ್ಕದಲ್ಲಿದ್ದ ಡ್ರೈವರ್ ಉಳಿಯಲಿಲ್ಲ. ನೆರವು ಹನ್ನೊಂದು ನಿಮಿಷ ಮೊದಲೇ ಹೋಗಿದ್ದರೆ ಆತ ಬದುಕುತ್ತಿದ್ದನೇ ಎಂದು ಡಾಕ್ಟರು ಹೇಳಲಿಲ್ಲ. ಹುಚ್ಚಯ್ಯ ಕೇಳಲೂ ಇಲ್ಲ.

ಎರಡು ತಿಂಗಳು ಅವರು ಇತ್ತ ತಲೆ ಹಾಕಲಿಲ್ಲ. ಅಶೋಕಪುರಂನ ಅವರ ಎರಡು ಕೋಣೆಯ ಮನೆಯಲ್ಲಿ, ಬುದ್ಧನ ಪಟದ ಕೆಳಗೆ ಗೋಡೆಗೆ ಒರಗಿ ಕೂತಿರುತ್ತಿದ್ದರಂತೆ. ಆಮೇಲೆ ಒಂದು ದಿನ ಹೆಂಡತಿ ಪುಟ್ಟಲಿಂಗಮ್ಮನನ್ನು ಜೊತೆಗೆ ಕರೆದುಕೊಂಡು ಬಂದರು. ಕರೆದುಕೊಂಡು ಬಂದಿದ್ದು ಯಾರು ಯಾರನ್ನು ಎಂಬುದರ ಬಗ್ಗೆ ಗಂಡಹೆಂಡಿರಲ್ಲಿ ಇನ್ನೂ ಒಮ್ಮತವಿಲ್ಲ.

“ನಾನೇ ಎಳ್ಕಂಬಂದೆ ಕಣಪ್ಪ” ಎನ್ನುತ್ತಾರೆ ಪುಟ್ಟಲಿಂಗಮ್ಮ. “ಮೇಲಕ್ಕೆ ತಗೊಂಡೋದ್ರೆ ಕೇಳೋರ್ಗೆ ಸಿಕ್ಕಲ್ಲ. ಕೆಳಗೇ ಬುಟ್ರೆ ಇವ್ರು ಸಾಯ್ತಾರೆ. ನನ್ ಕೈಲಿ ಕೊಡಿ, ನಾನು ನೋಡ್ಕತೀನಿ ಅಂದೆ.”

ಹೀಗೆ ಹುಟ್ಟಿದ ಪದ್ಧತಿ ಏಳು ವರ್ಷದಿಂದ ನಡೆದುಕೊಂಡು ಬಂದಿದೆ. ಗಂಡ ಮೇಲಿರುವಷ್ಟು ಹೊತ್ತು ಎರಡೂ ಮೈಕುಗಳು ಪುಟ್ಟಲಿಂಗಮ್ಮನ ಸೆರಗಿನಲ್ಲಿ ಸುತ್ತಿ ಸೊಂಟದಲ್ಲಿರುತ್ತವೆ. ತುರ್ತು ಕರೆ ಬಂದರೆ ಅವರು ಸ್ಪಾನರಿನಿಂದ ಟವರಿನ ಕಾಲಿಗೆ ಎರಡು ಏಟು ಹೊಡೆಯುತ್ತಾರೆ. ಗಾಳಿ ಎಷ್ಟೇ ಇದ್ದರೂ ಅದು ಹುಚ್ಚಯ್ಯನವರ ಅಂಗಾಲಿಗೆ ಗೊತ್ತಾಗುತ್ತದೆ. ಅವರು ಬೆಲ್ಟಿನ ಕೊಕ್ಕೆ ಭದ್ರಮಾಡಿ, ಎರಡೂ ಕೈ ಬಿಟ್ಟು, ಅಂಗೈ ಕೆಳಗೆ ಕಾಣುವಂತೆ ಚಾಚಬೇಕು. ಎರಡೂ ಅಂಗೈ ಕಂಡ ಮೇಲೆ ಮೈಕು ಕೊಡುವುದು. ಹುಚ್ಚಯ್ಯ ವರ್ಷಕ್ಕೆ ಮೂವತ್ತು ಸಲವಾದರೂ ಹತ್ತುತ್ತಾರೆ. ಏಳು ವರ್ಷದಲ್ಲಿ ಹಾಗೆ ಕೈ ಬಿಡಬೇಕಾಗಿ ಬಂದಿದ್ದು ನಾಲ್ಕೇ ಸಲ.

ಆರೂವರೆಗೆ ಹುಚ್ಚಯ್ಯ ಹತ್ತುತ್ತಾರೆ. ಕಿಟಕಿಯ ಒಳಗೆ ಸೆಟ್ಟಿನ ಮುಂದೆ ಕೂತಿರುವವರು ಶಿಲ್ಪಶ್ರೀ, ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವರು. ಇವತ್ತು ಹಾಜರಿ ಕೂಗುವಂತಿಲ್ಲ, ಬರೀ ಕಿವಿಗೊಟ್ಟಿದ್ದಾರೆ. ಪುಟ್ಟಲಿಂಗಮ್ಮ ಗಂಡನ ಮೇಲಿನ ಕಣ್ಣು ಕೀಳುವುದಿಲ್ಲ. ನಾನು ಕೇಳಿದ ಪ್ರಶ್ನೆಗೆಲ್ಲ ತಲೆ ಎತ್ತಿಕೊಂಡೇ ಉತ್ತರಿಸುತ್ತಾರೆ. ಕಾಲು ಗಂಟೆಯಲ್ಲಿ ಹುಚ್ಚಯ್ಯ ತುದಿ ಮುಟ್ಟಿ, ಆಂಟೆನಾದ ವಾಲಿದ ತೋಳಿನ, ಅಂದರೆ ಅಡ್ಡ ಕೊಳವೆಯ, ಬೋಲ್ಟು ಬಿಚ್ಚತೊಡಗುತ್ತಾರೆ.

ಏಳಕ್ಕೆ ಐದು ನಿಮಿಷವಿದ್ದಾಗ ಸೆಟ್ಟಿನಲ್ಲಿ ಕರಕರ ಎಂದು ಒಂದು ಗಂಡಸಿನ ದನಿ ಬರುತ್ತದೆ. ಶಿಬಿರದಿಂದ. ಸದಸ್ಯ ಸಿದ್ದಲಿಂಗಸ್ವಾಮಿಯವರಿಗೆ ಎದೆನೋವು, ಮೈಯೆಲ್ಲ ಬೆವರು, ಜೀಪು ಕೆಸರಲ್ಲಿ ಹೂತಿದೆ, ಆಂಬುಲೆನ್ಸ್ ಬೇಕು. ಮೈಸೂರು, ಕೇಳಿಸ್ತಿದೆಯಾ? ಮೈಸೂರು?

ಶಿಲ್ಪಶ್ರೀ ಕಿಟಕಿಯಿಂದ ಕೈ ಚಾಚುವ ಮೊದಲೇ ಪುಟ್ಟಲಿಂಗಮ್ಮ ಎರಡು ಏಟು ಹೊಡೆದಾಗಿದೆ. ಮೇಲೆ ಹುಚ್ಚಯ್ಯ ಬೆಲ್ಟಿನ ಕೊಕ್ಕೆ ಎಳೆದು ನೋಡುತ್ತಾರೆ. ಬಲಗೈ ಹೊರಗೆ ಬರುತ್ತದೆ. ಎಡಗೈ ಬರುವುದಿಲ್ಲ.

ಬೋಲ್ಟು ಬಿಚ್ಚಿದ ತೋಳು ಅವರ ಎಡಗೈಯಲ್ಲಿದೆ. ಬಿಟ್ಟರೆ ಅದು ನೇರ ಕೆಳಗೆ, ಹೆಂಡತಿ ನಿಂತಿರುವ ಕಡೆಗೇ ಬರುತ್ತದೆ. ಹಿಡಿದುಕೊಂಡಿದ್ದರೆ, ಮಾತು ಶುರುವಾದ ಕ್ಷಣ ಕೈ ಸುಡುತ್ತದೆ.

“ಅಮ್ಮಾ, ಕೊಡಿ ಅಮ್ಮಾ, ಒಂದೇ ಮಾತು ಹೇಳ್ತೀನಿ” ಎನ್ನುತ್ತಾರೆ ಶಿಲ್ಪಶ್ರೀ.

“ಒಂದೇ ಕೈ ಕಾಣ್ತಾ ಐತೆ ಕಣವ್ವ.”

“ಅಲ್ಲೊಬ್ರ ಜೀವ ಹೋಗ್ತಿದೆ!”

“ಇಲ್ಲೂ ಒಂದ್ ಜೀವ್ವೇ ಇರದು.”

ಸೆಟ್ಟು ಮತ್ತೆ ಮೈಸೂರನ್ನು ಕರೆಯುತ್ತದೆ. ಸದಾಶಿವಯ್ಯನವರು ಬಾಗಿಲಿಗೆ ಬಂದು ನಿಂತಿದ್ದಾರೆ. ಪುಟ್ಟಲಿಂಗಮ್ಮನ ಮುಷ್ಟಿ ಸೆರಗಿನ ಮೇಲೆ ಬಿಗಿಯಾಗಿದೆ, ಕೆನ್ನೆಯ ಮೇಲೆ ನೀರು ಇಳಿಯುತ್ತಿದೆ. ನನಗೆ ಆ ಹೊತ್ತಿನಲ್ಲಿ ಆಕೆಯ ಮೇಲೆ ಸಿಟ್ಟು ಬಂತು. ಆ ಸಿಟ್ಟಿಗೆ ಈಗ ನಾಚಿಕೆಯಾಗುತ್ತದೆ. “ಧರಣಿ ಅಪ್ಪಾ” ಎಂದು ಮಗಳ ಹೆಸರು ಹಿಡಿದು ಆಕೆ ಗಂಡನನ್ನು ಕೂಗುತ್ತಾರೆ. “ಇನ್ನೊಂದ್ ಕೈ ತೋರ್ಸಿ! ಬೇಗ ತೋರ್ಸಿ!”

ಹುಚ್ಚಯ್ಯ ಬಲಗೈಯಿಂದ ಹೆಗಲ ಮೇಲಿನ ಟವೆಲ್ ಎಳೆದುಕೊಳ್ಳುತ್ತಾರೆ. ಒಂದು ತುದಿ ಹಲ್ಲಿನಲ್ಲಿ ಕಚ್ಚಿ, ಆ ತೋಳನ್ನು ಟವರಿಗೆ ಸೇರಿಸಿ ಸುತ್ತುತ್ತಾರೆ. ಟವೆಲ್ ಜಾರುತ್ತದೆ. ಮತ್ತೆ ಸುತ್ತಿ, ಹಲ್ಲಿನಿಂದಲೇ ಎಳೆದು ಕಟ್ಟುತ್ತಾರೆ. ನಿಧಾನವಾಗಿ ಎಡಗೈ ಬಿಡುತ್ತಾರೆ. ತೋಳು ಬೀಳುವುದಿಲ್ಲ. ಎರಡೂ ಅಂಗೈ ಆಕಾಶದ ಎದುರು ಅಗಲವಾಗಿ ತೆರೆದುಕೊಳ್ಳುತ್ತವೆ.

ಶಿಲ್ಪಶ್ರೀಯವರ ಗಡಿಯಾರದಲ್ಲಿ ಐವತ್ತು ಸೆಕೆಂಡು. ನನ್ನ ಲೆಕ್ಕದಲ್ಲಿ ಅರ್ಧ ಗಂಟೆ.

ಮೈಕು ಕಿಟಕಿಯೊಳಗೆ ಹೋಗುತ್ತದೆ. ಶಿಲ್ಪಶ್ರೀ ಜಾಗ ಕೇಳುತ್ತಾರೆ, ರೋಗಿಯನ್ನು ಒರಗಿಸಿ ಕೂರಿಸಿ, ನಡೆಸಬೇಡಿ ಎನ್ನುತ್ತಾರೆ. ಸದಾಶಿವಯ್ಯನವರು ಪಕ್ಕದಲ್ಲೇ ಫೋನು ಹಿಡಿದು ಹೆಗ್ಗಡದೇವನಕೋಟೆಯ ಆಸ್ಪತ್ರೆಗೆ ದಾರಿ ಹೇಳುತ್ತಿದ್ದಾರೆ. ಇಷ್ಟಕ್ಕೆ ನಾಲ್ಕು ನಿಮಿಷ. ಅಷ್ಟೂ ಹೊತ್ತು ಎಪ್ಪತ್ತು ಅಡಿ ಮೇಲೆ ಐವತ್ತೇಳರ ಮನುಷ್ಯ ಯಾವುದನ್ನೂ ಹಿಡಿದುಕೊಳ್ಳದೆ, ಸೊಂಟದ ಬೆಲ್ಟಿನ ಮೇಲೆ ಭಾರ ಬಿಟ್ಟು, ಗಾಳಿಯಲ್ಲಿ ತೂಗುತ್ತಿದ್ದಾರೆ. ಮಾತು ಮುಗಿದ ಮೇಲೆ ಪುಟ್ಟಲಿಂಗಮ್ಮ ಮೈಕು ವಾಪಸ್ ಇಸಿದುಕೊಂಡು, ಟವರಿಗೆ ಒಂದೇ ಏಟು ಹೊಡೆಯುತ್ತಾರೆ. ಇನ್ನು ಹಿಡಿದುಕೊಳ್ಳಬಹುದು ಎಂದು ಅದರ ಅರ್ಥ. ಹುಚ್ಚಯ್ಯ ಟವರನ್ನು ಎರಡೂ ಕೈಯಲ್ಲಿ ತಬ್ಬಿಕೊಳ್ಳುತ್ತಾರೆ.

ಆದರೂ ಅವರು ತಕ್ಷಣ ಇಳಿಯುವುದಿಲ್ಲ. ತೋಳು ಕೂಡಿಸಿ, ಬೋಲ್ಟು ಬಿಗಿದು, ಎಂಟೂಕಾಲಿಗೆ ನೆಲಕ್ಕೆ ಬರುತ್ತಾರೆ. ಬಂದವರೇ ಹಿತ್ತಲ ಮಣ್ಣಿನಲ್ಲಿ ಕೂತುಬಿಡುತ್ತಾರೆ. ಪುಟ್ಟಲಿಂಗಮ್ಮ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದು ಉಪ್ಪಿಟ್ಟು ಮುಂದಿಡುತ್ತಾರೆ. ಹುಚ್ಚಯ್ಯನವರ ಕೈಯಲ್ಲಿ ತುತ್ತು ನಿಲ್ಲುವುದಿಲ್ಲ, ಮೊದಲ ಎರಡನ್ನು ಹೆಂಡತಿಯೇ ತಿನ್ನಿಸುತ್ತಾರೆ. ಯಾರೂ ನಗುವುದಿಲ್ಲ.

ಸಿದ್ದಲಿಂಗಸ್ವಾಮಿಯವರು ಆಸ್ಪತ್ರೆ ಸೇರಿದರು, ಗಂಡಾಂತರವಿಲ್ಲ ಎಂಬ ಸುದ್ದಿ ಬರುವಾಗ ಹನ್ನೊಂದು ಗಂಟೆ. ಅದನ್ನು ಕೇಳಿ ಹುಚ್ಚಯ್ಯ, “ಐವತ್ತು ಸೆಕೆಂಡು ಲೇಟಾಯ್ತು” ಎನ್ನುತ್ತಾರೆ. ಶಿಲ್ಪಶ್ರೀ ಹೊರಗೆ ಬಂದು ಪುಟ್ಟಲಿಂಗಮ್ಮನ ಪಕ್ಕ ಕೂರುತ್ತಾರೆ. “ನಾನು ಕಿರುಚಿದ್ದು ತಪ್ಪಾಯ್ತಮ್ಮ” ಎಂದರೆ, “ನಾನಿದ್ರೂ ಅಂಗೇ ಕಿರುಚ್ತಿದ್ದೆ ಕಣವ್ವ, ಬುಡು” ಎಂಬ ಉತ್ತರ.

ಕೂಟದ ದಿನಚರಿಯಲ್ಲಿ ಶಿಲ್ಪಶ್ರೀ ಬರೆದಿರುವುದನ್ನು ನಾನು ಇಣುಕಿ ನೋಡುತ್ತೇನೆ. ಕರೆ ಬಂದ ಹೊತ್ತು, ಕರೆದವರು, ಉತ್ತರಿಸಿದವರು ಎಲ್ಲ ಇದೆ. ಹುಚ್ಚಯ್ಯನವರ ಹೆಸರಿಲ್ಲ. ಪರವಾನಗಿ ಇದ್ದವರ ಹೆಸರು ಮಾತ್ರ ಅಲ್ಲಿ ಬರೆಯುವುದಂತೆ. ಗಂಡನಿಗೂ ಹೆಂಡತಿಗೂ ಪರವಾನಗಿ ಇಲ್ಲ. ಇದನ್ನು ನಾನು ಸ್ವಲ್ಪ ಬಿಸಿಯಾಗಿಯೇ ಹೇಳಿದರೆ ಹುಚ್ಚಯ್ಯನವರಿಗೆ ತಲೆಬಿಸಿಯೇನೂ ಆಗುವುದಿಲ್ಲ. ಅವರ ಚಿಂತೆ ಬೇರೆಯದು. ಇನ್ನು ಎರಡು ಮೂರು ವರ್ಷ ಮೊಣಕಾಲು ತಡೆದೀತು. ಆಮೇಲೆ ಯಾರು?

“ಇಬ್ರು ಬಂದಿದ್ರು ಸಾ. ಗಟ್ಟಿಮುಟ್ಟಾಗಿದ್ರು. ಭಯ ಆಯ್ತದಾ ಅಂದ್ರೆ, ಭಯಾನಾ, ನಂಗಾ ಅಂತ ನಕ್ಕುಬುಟ್ರು. ಇಬ್ರುನ್ನೂ ವಾಪಸ್ ಕಳಿಸ್ದೆ.”

ಮತ್ತೆ ಎಂಥವರು ಬೇಕು?

ಹುಚ್ಚಯ್ಯ ಡಬ್ಬಿ ತೊಳೆಯಲು ನಲ್ಲಿಯ ಕಡೆ ಹೊರಟ ಹೆಂಡತಿಯನ್ನು ನೋಡುತ್ತಾರೆ. ದನಿ ತಗ್ಗಿಸಿ ಹೇಳುತ್ತಾರೆ:

“ಎದ್ರೋನು ಒಬ್ಬ ಸಿಕ್ಕಿದ್ರೆ ಸಾಕು ಸಾ. ಅವನ್ಗೊಬ್ಳು ಎಂಡ್ರು ಇರ್ಬೇಕು, ಅವನ್ಗಿಂತ ಜಾಸ್ತಿ ಎದ್ರೋಳು.”