ಮನೆ ಮಗಳು ಕೊಟ್ಟ ವೀಳ್ಯ

ಗುಂಡ್ಲುಪೇಟೆಯ ಮಂಗಳಗೌರಿ 2006ರಲ್ಲಿ ಬೆಂಗಳೂರಿನ ದೊಡ್ಡ ಪಿ.ಆರ್. ಏಜೆನ್ಸಿಗೆ ಟ್ರೈನಿಯಾಗಿ ಸೇರಿದಳು. ಕಂಪನಿಗಳಿಗೆ ಒಳ್ಳೆಯ ಹೆಸರು ತಂದುಕೊಡುವುದು ಏಜೆನ್ಸಿಯ ಕಸುಬು. ಇವಳ ಪಾಲಿಗೆ ಬಂದದ್ದು ಬೆಳಿಗ್ಗೆ ಪೇಪರ್ ಕತ್ತರಿಸಿ ಅಂಟಿಸುವುದು, ಆಮೇಲೆ ವರದಿಗಾರರಿಗೆ ಫೋನ್ ಮಾಡಿ ‘ಸಾರ್, ಪ್ರೆಸ್ ನೋಟ್ ಸಿಕ್ತಾ’ ಎಂದು ಗೋಗರೆಯುವುದು. ಇಷ್ಟಕ್ಕೂ ಎಂ.ಎ. ಆಗಿರಬೇಕಂತೆ. ಕೆಲಸ ಕಾಯಂ ಆಗುತ್ತದೋ ಇಲ್ಲವೋ ಎಂಬ ದಿಗಿಲಿಗೆ ತಿಂದದ್ದೂ ಮೈಗೆ ಹತ್ತುತ್ತಿರಲಿಲ್ಲ.

ಚಾಮರಾಜನಗರದ ಹತ್ತಿರ ಬದನಗುಪ್ಪೆ ಕಡೆ, ಏಜೆನ್ಸಿಯ ಗಿರಾಕಿ ಕಂಪನಿಯ ತಂಪು ಪಾನೀಯದ ಕಾರ್ಖಾನೆಯೊಂದು ಬರುವುದಿತ್ತು. ಅದಕ್ಕೆ ಪಕ್ಕದ ಊರಿನ ಕೆರೆ ನೀರು ಬೇಕು. ಆ ಊರಿನ ಯಜಮಾನ ಮರಿಮಲ್ಲಪ್ಪ ಇವಳ ಸೋದರಮಾವ. ಅದು ಗೊತ್ತಾದದ್ದೇ ತಡ, ಮ್ಯಾನೇಜರ್ ಸಿಂಧು ಇವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಫಿ ಕುಡಿಯತೊಡಗಿದಳು.

“ನಿಮ್ಮ ಕಡೆ ಹಿರಿಯರು ಒಪ್ಪಿದ್ರು ಅಂತ ಹೇಗೆ ಗೊತ್ತಾಗುತ್ತೆ?”

“ಸಭೇಲಿ ವೀಳ್ಯ ತಗೊಂಡ್ರೆ ಮುಗೀತು ಮೇಡಂ. ಆಮೇಲೆ ಹಿಂದೆ ಸರಿಯಲ್ಲ.”

ಹೆಮ್ಮೆಯಿಂದ ಹೇಳಿದಳು, ಪೆದ್ದು ಮುಂಡೇದು.

ಚಾಮರಾಜನಗರದ ಹೋಟೆಲಿನಲ್ಲಿ ಸಭೆ ನಡೆಯಿತು. ಊರಿನವರು ಬರೀ ವಿಷಯ ಕೇಳಿಕೊಂಡು ಹೋಗಲು ಬಂದಿದ್ದರು. ಕಂಪನಿಯವರು ಎಲೆ ಅಡಿಕೆ ತಟ್ಟೆ ಚಾಚಿದಾಗ ಮರಿಮಲ್ಲಪ್ಪ ಕಟ್ಟಿದ ಕೈ ಬಿಚ್ಚಲಿಲ್ಲ. ಸಿಂಧು ಕಣ್ಸನ್ನೆ ಮಾಡಿದಳು. ತಟ್ಟೆ ಮಂಗಳಗೌರಿಯ ಕೈಗೆ ಬಂತು. ತಂಗಿಯ ಮಗಳು ಮುಂದೆ ನಿಂತು ಕೊಟ್ಟರೆ ಬೇಡ ಎನ್ನುವ ಮಾವ ಆ ಸೀಮೆಯಲ್ಲೇ ಇಲ್ಲ. ಅವರು ತೆಗೆದುಕೊಂಡರು, ಫೋಟೋ ತೆಗೆದದ್ದೂ ಆಯಿತು.

‘ವೀಳ್ಯ ಸ್ವೀಕರಿಸಿ ಕೆರೆ ನೀರಿಗೆ ಗ್ರಾಮಸ್ಥರ ಒಪ್ಪಿಗೆ’ ಎಂದು ಕನ್ನಡದಲ್ಲಿ ಪ್ರೆಸ್ ನೋಟ್ ಬರೆದವಳೂ ಇವಳೇ. ಬರೆಯಲ್ಲ ಎನ್ನಬಹುದಿತ್ತು. ಎನ್ನಲಿಲ್ಲ. ಆ ಕೆರೆ ನೀರು ಕುಡಿದು ಬೆಳೆದ ನನಗೆ ಇವತ್ತಿಗೂ ಸಿಟ್ಟಿರುವುದು ಅದಕ್ಕೇ.

ಪೇಪರ್ ನೋಡಿದ ಊರು ಮರಿಮಲ್ಲಪ್ಪನವರನ್ನು ಯಜಮಾನಿಕೆಯಿಂದ ಇಳಿಸಿತು. ಇಷ್ಟಾದರೂ ತಗೊಂಡ ವೀಳ್ಯ ತಗೊಂಡದ್ದೇ, ಕೆರೆ ದಂಡೆಯಲ್ಲಿ ಪಂಪು ಕೂತಿತು. ಮಂಗಳಗೌರಿ ರಜೆಗೆ ಬಂದಾಗ ಮಾವ ಗುಂಡ್ಲುಪೇಟೆಗೆ ಬಂದು, ಜಗಲಿಯಲ್ಲೇ ನಿಂತರು.

“ಕಂಪ್ನಿಯೋರ ಕೈಲಿ ನಾನು ಈಸ್ಕಂಡಿಲ್ಲ ಕಣವ್ವ. ನಿನ್ ಕೈಲಿ ಈಸ್ಕಂಡೆ.”

“ಅದು ನನ್ ಕೆಲ್ಸ ಮಾವ. ಮಾಡ್ದಿದ್ರೆ ತೆಗೆದಾಕ್ಬುಡೋರು.”

“ಅಂಗಾರೆ ಮಾಡ್ಕೋ ಓಗವ್ವ,” ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟರು. ಅವಳ ತಾಯಿ ಒಳಗಿನಿಂದ ಅಣ್ಣನಿಗೆ ನೀರು ತರುವಷ್ಟರಲ್ಲಿ ಬೀದಿ ದಾಟಿದ್ದರು.

ಮಂಗಳಗೌರಿಯ ಕೆಲಸ ಕಾಯಂ ಆಯಿತು. ಸಿಂಧು ಆಫೀಸಿನವರೆದುರು ಬೆನ್ನು ತಟ್ಟಿ ಕೇಳಿದಳು: “ಇನ್ನೂ ಯಾವ್ಯಾವ ಊರಲ್ಲಿ ನಿನಗೆ ನೆಂಟರಿದ್ದಾರೆ?”

ಪೇಪರ್ ಕತ್ತರಿಸುತ್ತಿದ್ದ ಮಂಗಳಗೌರಿ ಕತ್ತರಿ ಕೆಳಗಿಟ್ಟಳು. ಆಮೇಲೆ, “ಸಂತೆಮರಹಳ್ಳೀಲಿ ಚಿಕ್ಕಮ್ಮ ಇದ್ದಾರೆ ಮೇಡಂ,” ಎಂದಳು.