ಪೇಸ್ಟಿಲ್ಲದ ತಿಕ್ಕಾಟ

ಗಂಗಾವತಿಯಲ್ಲಿ ನಮ್ಮದು ಬೈಕ್ ಗ್ಯಾರೇಜು. ಸುತ್ತ ಅಕ್ಕಿ ಗಿರಣಿಗಳು. ಬೆಳಿಗ್ಗೆ ಒರೆಸಿಟ್ಟ ಪಾನಾ-ಸ್ಪ್ಯಾನರಿನ ಪೆಟ್ಟಿಗೆಯ ಮೇಲೆ ಮಧ್ಯಾಹ್ನದೊಳಗೆ ಹೊಟ್ಟಿನ ಧೂಳು ಕೂತಿರುತ್ತದೆ. ನಾನು ಏಳನೇ ತರಗತಿಗೆ ಶಾಲೆ ಬಿಟ್ಟವನು. ಅದಕ್ಕೆ ಯಾವತ್ತೂ ನಾಚಿಕೆಪಟ್ಟಿಲ್ಲ. ದುಡಿದು ತಿಂದಿದ್ದೇನೆ, ದುಡಿದೇ ಹೆಸರು ಮಾಡಿದ್ದೇನೆ. ಕೆಲಸ ಕಲಿಸಿದವನು ನನ್ನ ಅಣ್ಣ. ಹರೆಯವನ್ನೆಲ್ಲ ಗಿರಣಿಯಲ್ಲಿ ಹೊಟ್ಟು ತುಂಬಿ ಕಳೆದು, ಆಮೇಲೆ ಗ್ಯಾರೇಜು ಹಾಕಿದವನು.

ನಮ್ಮಲ್ಲಿ ಒಂದು ಕೆಲಸಕ್ಕೆ ‘ಗಾಡಿಗೆ ಉಸಿರು ಬಿಡಿಸೋದು’ ಅನ್ನುತ್ತಾರೆ. ಎಂಜಿನ್ನಿನ ಮೇಲ್ಭಾಗದ ಹೆಡ್ಡಿನಲ್ಲಿ ಗಾಳಿ ಒಳಗೆ ಹೋಗುವ ತೂತಿರುತ್ತದೆ. ಆ ತೂತಿಗೆ ಬಾಗಿಲಿದ್ದಂತೆ ವಾಲ್ವು, ನೋಡಲು ಉದ್ದ ಕಾಲಿನ ಅಣಬೆ. ಅದರ ಕೊರಳಿನ ದಪ್ಪವನ್ನು ಅರದಿಂದ, ಎಮರಿ ಕಾಗದದಿಂದ ಹದವಾಗಿ ಇಳಿಸಿದರೆ ಗಾಳಿ ತಡೆಯಿಲ್ಲದೆ ಒಳಗೆ ಜಾರುತ್ತದೆ, ಗಾಡಿ ಏರಿನಲ್ಲೂ ಎಳೆಯುತ್ತದೆ. ಅತಿಯಾದರೆ ಕೊರಳು ಮುರಿದು ಎಂಜಿನ್ನೇ ಹೋಗುತ್ತದೆ. ಕೊರಳು ಇಳಿಸಿದ ಮೇಲೆ ವಾಲ್ವಿನ ಅಂಚಿಗೆ ಪೇಸ್ಟ್ ಹಚ್ಚಿ, ಅದು ಕೂರುವ ಜಾಗದಲ್ಲಿಟ್ಟು, ಅದಕ್ಕೆ ಸಿಕ್ಕಿಸಿದ ಹಿಡಿಕೋಲನ್ನು ಎರಡು ಅಂಗೈ ನಡುವೆ ಮಜ್ಜಿಗೆ ಕಡೆದಂತೆ ತಿರುಗಿಸಿ ತಿಕ್ಕಬೇಕು. ಪೇಸ್ಟಿನೊಳಗಿನ ಸಣ್ಣ ಹರಳು ಅಂಚನ್ನು ಸವೆಸಿ, ಸಂದಿಲ್ಲದಂತೆ ಕೂರಿಸುತ್ತದೆ.

ಕೊನೆಯ ಪರೀಕ್ಷೆ ಅಣ್ಣನದು. ಬೇರೆ ಗ್ಯಾರೇಜಿನವರು ಪೆಟ್ರೋಲ್ ಸುರಿದು ಸೋರುತ್ತದೋ ಇಲ್ಲವೋ ನೋಡುತ್ತಾರೆ. ಅಣ್ಣ ಹೆಡ್ಡನ್ನು ಒರೆಸಿ, ತೂತಿಗೆ ಬಾಯಿಟ್ಟು ಎಳೆಯುತ್ತಿದ್ದ. ವಾಲ್ವು ಬಿಗಿಯಾಗಿ ಕೂತಿದ್ದರೆ ನಾಲಿಗೆ ಅಲ್ಲೇ ಹಿಡಿದುಕೊಳ್ಳುತ್ತದೆ. ಅವನು “ಹಿಡೀತು” ಅಂದರೆ ಗಾಡಿ ಹೊರಗೆ. “ಲೀಕ್” ಅಂದರೆ ಮತ್ತೆ ತಿಕ್ಕು.

ಒಂದು ಬೇಸಿಗೆಯಲ್ಲಿ ಯಲಬುರ್ಗಾ ಕಡೆಯ ಸೀರೆ ವ್ಯಾಪಾರಿಯೊಬ್ಬ ಬಂದ. ಬೈಕಿನ ಹಿಂದೆ ಗಂಟು ಕಟ್ಟಿಕೊಂಡು ಊರೂರು ತಿರುಗುವವನು.

“ಹೇಮಗುಡ್ಡದ ಏರಿನ್ಯಾಗ ಗಾಡಿ ನಿಂತ ಬಿಡತೈತ್ರಿ ಮಿಸ್ತ್ರಿ. ಇಳದು ನಾನ ನೂಕಬೇಕು. ಹೆಣಮಕ್ಕಳು ಸೀರಿ ನೋಡೂದು ಬಿಟ್ಟು ನನ್ನ ನೋಡಿ ನಗತಾರ.”

ವಾಲ್ವು ಇಳಿಸಿ, ತಿಕ್ಕಿ, ಹೆಡ್ಡನ್ನು ಅಣ್ಣನ ಕೈಗೆ ಕೊಟ್ಟೆ. ಬಾಯಿಟ್ಟು ಎಳೆದ.

“ಲೀಕ್.”

ಮತ್ತೆ ಬಿಚ್ಚಿದೆ, ಮತ್ತೆ ತಿಕ್ಕಿದೆ. ಮತ್ತೆ ಅದೇ ಮಾತು.

“ಕೈ ಕೆಟ್ಟಾವೇನಲೇ ತಮ್ಮಾ? ಹೋಳಿಗಿ ಭಾಳ ತಿಂದು ಬಂದೀಯೇನ?” ಅಂದ ಅಣ್ಣ.

“ಇನ್ನೊಂದೀಟು ತಿಕ್ಕಿದ್ರ ನನ್ನ ವಾಲ್ವು ಗುಂಡುಸೂಜಿ ಆಗತೈತ್ರಿ,” ಅಂದ ವ್ಯಾಪಾರಿ.

ನನ್ನ ಮುಖ ಕಾದುಹೋಯಿತು. ನನ್ನ ಕೆಲಸ ಹೀಗೆ ವಾಪಸ್ ಬಂದದ್ದೇ ಇರಲಿಲ್ಲ. ಮತ್ತೂ ಸವೆಸಿದರೆ ಅಂಚು ಅಗಲವಾಗಿ ವಾಲ್ವೇ ಕೆಡುತ್ತಿತ್ತು. ಮೂರನೆಯ ಸಲವೂ ಅವನು “ಲೀಕ್” ಅಂದಾಗ ಹೆಡ್ಡನ್ನು ಕಸಿದುಕೊಂಡು ನಾನೇ ಎಳೆದೆ. ನಾಲಿಗೆ ಎಷ್ಟು ಬಿಗಿಯಾಗಿ ಹಿಡಿಯಿತೆಂದರೆ ಕಿತ್ತು ತೆಗೆಯಬೇಕಾಯಿತು. ‘ನೋಡಿಲ್ಲಿ!’ ಎಂದು ಕೂಗಲು ತಲೆ ಎತ್ತಿದೆ.

ಅಣ್ಣ ಎರಡೂ ಕೈಯಿಂದ ಮೇಜಿನ ಅಂಚು ಹಿಡಿದು ನಿಂತಿದ್ದ. ಭುಜ ಮೇಲೆದ್ದು ಮೇಲೆದ್ದು ಇಳಿಯುತ್ತಿತ್ತು. ತುಟಿಯ ಸುತ್ತ ಆಯಿಲಿನ ಕಪ್ಪು ಬಳೆ. ಲೀಕ್ ಹೆಡ್ಡಿನಲ್ಲಿರಲಿಲ್ಲ.

“ಹೌದಣ್ಣಾ. ಲೀಕ್ ಐತಿ,” ಅಂದೆ.

ಮೂಲೆಗೆ ಹೋಗಿ ವಾಲ್ವು ಬಿಚ್ಚಿ, ಅಂಚಿಗೆ ಬರೀ ಆಯಿಲ್ ಹಚ್ಚಿ ತಿರುಗಿಸತೊಡಗಿದೆ. ಆಯಿಲ್ ಏನನ್ನೂ ಸವೆಸುವುದಿಲ್ಲ. ಒಂದಷ್ಟು ಹೊತ್ತು ಕಳೆದು, ಸರಿಹೋಯಿತು ಅಂತ ಹೇಳಿ ಮುಗಿಸೋಣ ಎಂಬುದು ನನ್ನ ಲೆಕ್ಕ.

“ಲೇ ತಮ್ಮಾ,” ಹಿಂದಿನಿಂದ ಅಣ್ಣನ ದನಿ.

ನಾನು ಹಿಡಿಕೋಲು ತಿರುಗಿಸುತ್ತಲೇ ಇದ್ದೆ.

“ಸಪ್ಪಳ ಇಲ್ಲ. ಪೇಸ್ಟ್ ಇಲ್ದ ಯಾರ ಸಲುವಾಗಿ ತಿಕ್ಕಾಕತ್ತೀ?”

ಪೇಸ್ಟ್ ಮೊದಲು ಕರಕರ ಅನ್ನುತ್ತದೆ, ನುಣುಪಾದಂತೆ ದನಿ ಇಳಿಯುತ್ತದೆ. ಅದನ್ನು ಕೇಳಿ ತಿಳಿಯುವುದನ್ನು ನನಗೆ ಕಲಿಸಿದವನೇ ಅವನು. ನನ್ನ ಅಂಗೈ ನಿಂತುಹೋದವು. ಅಣ್ಣ ಬಾಯಿ ಒರೆಸಿಕೊಂಡು ವ್ಯಾಪಾರಿಯ ಕಡೆ ತಿರುಗಿದ.

“ವಾಲ್ವು ಛಲೋ ಕುಂತೈತ್ರಿ. ಸಂಜಿಕ ಬಂದು ಗಾಡಿ ಒಯ್ರಿ.”

ಮರುದಿನವೇ ಅಣ್ಣನನ್ನು ಕೊಪ್ಪಳದ ಆಸ್ಪತ್ರೆಗೆ ಕರೆದೊಯ್ದೆ. ಎದೆಯ ಫೋಟೋ ನೋಡಿದ ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು: ವರ್ಷಗಟ್ಟಲೆ ಧೂಳು ಕುಡಿದ ಶ್ವಾಸಕೋಶ ಗಟ್ಟಿಯಾಗಿದೆ, ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದನ್ನು ಕಾಯ್ದುಕೊಳ್ಳಬೇಕು. ದಿನಾ ಎಳೆದು ರೂಢಿ ಮಾಡಲು ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟರು. ಒಳಗೆ ಮೂರು ಗೋಲಿ, ಪಕ್ಕಕ್ಕೆ ಪೈಪು. ಪೈಪಿಗೆ ಬಾಯಿಟ್ಟು ಎಳೆದರೆ ಗೋಲಿ ಮೇಲೇಳಬೇಕು.

ಮನೆಗೆ ಬಂದ ಮೇಲೆ ಮಂಚದ ಮೇಲೆ ಕೂತು ಅಣ್ಣ ಎಳೆದ. ಕತ್ತಿನ ನರ ಉಬ್ಬಿದವು. ಮೊದಲನೆಯ ಗೋಲಿ ಅಲುಗಿ ಅಲ್ಲೇ ಕೂತಿತು. ದಮ್ಮು ತಿರುಗಲು ಬಹಳ ಹೊತ್ತು ಹಿಡಿಯಿತು.

“ಇದರಾಗ ಲೀಕ್ ಐತಿ. ಪೈಪ್ ಸೀಳಿರಬೇಕು ನೋಡು,” ಅಂದ.

ಪೈಪನ್ನು ಬೆರಳಿನಿಂದ ಉದ್ದಕ್ಕೂ ಸವರಿ ನೋಡಿದೆ. ಸೀಳಿರಲಿಲ್ಲ.

“ನೀ ಎಳಿ ನೋಡೂಣು.”

ಮೆಲ್ಲಗೆ ಎಳೆದೆ. ಒಂದು ಗೋಲಿ ಅಲುಗಿತು, ಅಷ್ಟೆ. “ಹೌದಣ್ಣಾ, ಲೀಕ್...”

“ಪೇಸ್ಟ್ ಹಚ್ಚಿ ತಿಕ್ಕಲೇ.”

ಅವನ ಮುಖ ನೋಡಲಾಗದೆ ಕಣ್ಣು ಮುಚ್ಚಿ ಪೂರಾ ಎಳೆದೆ. ಮೂರೂ ಗೋಲಿ ಟಕ್ ಟಕ್ ಎಂದು ಮೇಲಕ್ಕೆ ಬಡಿದವು. ಕಣ್ಣು ತೆರೆದಾಗ ಅಣ್ಣ ಅವನ್ನೇ ನೋಡುತ್ತಿದ್ದ. ನನ್ನ ಉಸಿರು ಮುಗಿದು ಅವು ಕೆಳಗೆ ಬೀಳುವ ತನಕ ನೋಡಿದ.

“ಹಿಡೀತು,” ಅಂದ.