ಕುಂದನ್ನಷ್ಟೇ ಹೇಳುತ್ತಿದ್ದ ಹಿದಾಯತುಲ್ಲಾ

ಮುಳಬಾಗಿಲಿನ ವೆಲ್ಡರ್ ಹಿದಾಯತುಲ್ಲಾ ಅವರಿಗೆ ಅರವತ್ತೆರಡು ವರ್ಷ. ಕಬ್ಬಿಣದ ಕೆಲಸದ ಜೊತೆಗೆ ಅವರು ತಂದೆಯಿಂದ ಇನ್ನೊಂದು ಪದ್ಧತಿಯನ್ನೂ ಕಲಿತಿದ್ದರು: ಸಾಮಾನು ಕೈ ದಾಟುವವರೆಗೆ ಅದನ್ನು ಹೊಗಳಬಾರದು, ಅದರ ಕುಂದನ್ನಷ್ಟೇ ಹೇಳಬೇಕು. ನಮ್ಮೂರಿನ ಗಿರಾಕಿಗಳಿಗೆ ಇದು ಗೊತ್ತಿತ್ತು. ಹೇಳುವ ಕುಂದು ಕಡಿಮೆಯಾದಂತೆ ಕೆಲಸ ಮುಗಿಯುತ್ತಾ ಬಂತೆಂದು ಅವರೇ ತಿಳಿದುಕೊಳ್ಳುತ್ತಿದ್ದರು.

ಹೆಂಡತಿ ಮುನ್ನೀ ಬೀ ಪ್ರತಿ ಬೇಸಿಗೆ ಶ್ರೀನಿವಾಸಪುರದ ತೋಟಗಳಿಗೆ ಮಾವು ಬಿಡಿಸುವ ಕೂಲಿಗೆ ಹೋಗುತ್ತಾರೆ. ಸೊನೆ ತಗುಲಿ ಬೆರಳ ಚರ್ಮ ಸುಲಿಯುತ್ತದೆ. ಹಿದಾಯತುಲ್ಲಾ ಒಂದು ಹೊಸ ಬಗೆಯ ದೋಟಿ, ಅಂದರೆ ಕಾಯಿ ಕೀಳುವ ಕೋಲು, ಮಾಡಲು ಹೊರಟರು. ಅದು ಕಾಯನ್ನು ಉದ್ದ ತೊಟ್ಟಿನ ಸಮೇತ ಕತ್ತರಿಸಿ, ಬಟ್ಟೆಯ ಕೊಳವೆಯಲ್ಲಿ ಕೆಳಗಿಳಿಸಬೇಕು; ಸೊನೆ ಹಾರಬಾರದು. ಹೊಸ ಆವಿಷ್ಕಾರಗಳಿಗೆ ನೆರವಾಗುವ ಕೋಲಾರದ ಟ್ರಸ್ಟೊಂದು ಅದನ್ನು ಆರಿಸಿಕೊಂಡು, ಆ ವರ್ಷದ ಸುಗ್ಗಿಯಲ್ಲಿ ಪರೀಕ್ಷಿಸಲು ಕೋದಂಡರಾಮಪ್ಪನವರ ತೋಟವನ್ನು ಗೊತ್ತುಮಾಡಿತು. ಟ್ರಸ್ಟಿನ ಮಾತಿಲ್ಲದೆ ಯಾವ ತೋಟದವರೂ ಫಸಲು ನಿಂತ ಮರಕ್ಕೆ ಅವರನ್ನು ಬಿಡುತ್ತಿರಲಿಲ್ಲ.

ಟ್ರಸ್ಟಿನಲ್ಲಿ ಇಪ್ಪತ್ತೆರಡು ಯೋಜನೆಗಳಿದ್ದವು. ಮೊದಲು ಮೂವರು ನೋಡಿಕೊಳ್ಳುತ್ತಿದ್ದರು. ಕೃತಕ ಬುದ್ಧಿಮತ್ತೆಯ ತಂತ್ರಾಂಶ ಬಂದ ಮೇಲೆ ಸರಳಾ ಒಬ್ಬಳೇ ಉಳಿದಳು. ಪ್ರತಿ ಶನಿವಾರ ಯೋಜನೆಯವರೆಲ್ಲರೂ ಫೋನಿನಲ್ಲಿ ವರದಿ ಹೇಳಬೇಕು. ತಂತ್ರಾಂಶ ಅದನ್ನು ಕೇಳಿ ಹಸಿರು, ಹಳದಿ ಅಥವಾ ಕೆಂಪು ಬಣ್ಣ ಕೊಡುತ್ತದೆ. ಮೂರು ವಾರ ಕೆಂಪು ಬಂದರೆ, ಸರಳಾ ಎರಡು ದಿನದೊಳಗೆ ಆಕ್ಷೇಪ ಬರೆಯದಿದ್ದಲ್ಲಿ, ಯೋಜನೆ ಮುಚ್ಚುತ್ತದೆ.

ಮೊದಲ ವಾರ ಹಿದಾಯತುಲ್ಲಾ ಹೇಳಿದರು: ‘ಕತ್ತರಿ ಮೊಂಡು. ಬಟ್ಟೆ ಸಿಕ್ಕಾಕ್ಕೊಳ್ತದೆ. ಕೋಲು ಭಾರ.’

ಕೆಂಪು ಬಂತು. ಸರಳಾ ಫೋನ್ ಮಾಡಿದಳು.

‘ಸಾಬ್ರೇ, ಒಂದಾದ್ರೂ ಒಳ್ಳೇ ಮಾತು ಹೇಳಿ. ಮಾಲೂರಿನ ಕದಿರೇಶ ನೋಡಿ, ವಾರವಾರ ಸೂಪರ್ ಅಂತಾನೆ, ಹಸಿರು ಬೀಳ್ತದೆ.’

‘ಅವನ ಮಿಷನ್ನು ಓಡ್ತದಾ?’

‘ಅದು ನಂಗೊತ್ತಿಲ್ಲ.’

‘ಬಂದು ನೋಡಮ್ಮಾ. ಮುಳಬಾಗ್ಲೇನು ದುಬೈನಾ?’

‘ಬರ್ತೀನಿ, ಬರ್ತೀನಿ.’

ಬರಲಿಲ್ಲ.

ಎರಡನೆಯ ವಾರ ಕತ್ತರಿ ಸರಿಹೋಗಿತ್ತು. ಅದನ್ನು ಅವರು ಹೇಳಲಿಲ್ಲ. ಬಟ್ಟೆ ಮತ್ತು ಭಾರದ ಮಾತಷ್ಟೇ ಹೇಳಿದರು. ಮತ್ತೆ ಕೆಂಪು. ಮೂರನೆಯ ವಾರ ಒಂದೇ ಮಾತು: ‘ಕೋಲು ಇನ್ನೂ ಭಾರ.’ ಅವರ ಗಿರಾಕಿಯಾಗಿದ್ದವರು ಯಾರೇ ಕೇಳಿದ್ದರೂ ಕೆಲಸ ಮುಗಿಯಿತೆನ್ನುತ್ತಿದ್ದರು. ತಂತ್ರಾಂಶಕ್ಕೆ ಕಂಡದ್ದು, ಮೂರು ವಾರದಿಂದ ನೀಗದ ಒಂದು ದೋಷ ಮತ್ತು ಒಂದೂ ಸಾಧನೆಯಿಲ್ಲದ ವರದಿ. ಮೂರನೆಯ ಕೆಂಪೂ ಬಿತ್ತು.

ಸರಳಾಳಿಗೆ ಎರಡು ದಿನ ಇತ್ತು. ವಾರ್ಷಿಕ ವರದಿಯ ಒತ್ತಡವೂ ಇತ್ತು. ತನ್ನ ಅಭಿಪ್ರಾಯವನ್ನು ಬರೆದುಕೊಡಲು ಅವಳು ತಂತ್ರಾಂಶಕ್ಕೇ ಹೇಳಿದಳು. ಅದು ತನ್ನದೇ ದಾಖಲೆ ನೋಡಿ, ‘ಪ್ರಗತಿ ಕಂಡುಬಂದಿಲ್ಲ, ಮುಕ್ತಾಯ ಸೂಕ್ತ’ ಎಂದು ಬರೆಯಿತು. ವಾಕ್ಯ ಅಚ್ಚುಕಟ್ಟಾಗಿತ್ತು. ಅವಳು ಸಹಿ ಹಾಕಿದಳು. ಆ ಮೂರು ವರದಿಗಳನ್ನು ಸಾಲಾಗಿ ಕೇಳಲು ಒಂದು ನಿಮಿಷವೂ ಬೇಕಿರಲಿಲ್ಲ.

ಟ್ರಸ್ಟಿನ ಹಣದಲ್ಲಿ ತಯಾರಾದ ದೋಟಿಯನ್ನು ಜಪ್ತಿ ಮಾಡಲು ಅವಳು ಮುಳಬಾಗಿಲಿಗೆ ಬಂದಳು. ಅಂಗಡಿಯ ಹಿಂದಿನ ಮಾವಿನ ಮರದಿಂದ ಅದರಲ್ಲಿ ತಾನೇ ಒಂದು ಕಾಯಿ ಇಳಿಸಿದಳು. ಒಂದು ಹನಿ ಸೊನೆಯೂ ಹಾರಲಿಲ್ಲ.

‘ಇಷ್ಟು ಚೆನ್ನಾಗಿದ್ಯಲ್ಲ ಸಾಬ್ರೇ! ಯಾಕೆ ಹೇಳ್ಲಿಲ್ಲ?’

‘ಭಾರ ಇದ್ಯಲ್ಲಮ್ಮಾ.’

‘ಹೇಳಕ್ಕೇನು ರೋಗ ಇವ್ರಿಗೆ?’ ಎಂದು ಮುನ್ನೀ ಬೀ ಒಳಗಿನಿಂದ ಕೂಗಿದರು. ‘ನನ್ನ ಅಡುಗೇಗೂ ನಲವತ್ತು ವರ್ಷದಿಂದ ಇದೇ!’

ಮುಚ್ಚಿದ ಯೋಜನೆಯನ್ನು ಮತ್ತೆ ತೆರೆಯಲು ದಾರಿಯಿರಲಿಲ್ಲ. ಮುಂದಿನ ವರ್ಷ ಅರ್ಜಿ ಹಾಕಿ ಎಂದು ಹೇಳಿ, ಸರಳಾ ದೋಟಿಯನ್ನು ವ್ಯಾನಿಗೆ ಹಾಕಿಸಿಕೊಂಡು ಹೋದಳು.

ಹಿದಾಯತುಲ್ಲಾ ಅರ್ಜಿ ಹಾಕಲಿಲ್ಲ. ಕಳೆದ ತಿಂಗಳು ನಮ್ಮ ಮನೆಗೆ ಗೇಟು ಮಾಡಿಕೊಟ್ಟರು. ಹೇಗಾಗಿದೆ ಎಂದು ಕೇಳಿದೆ.

‘ಸೂಪರ್ ಮೇಡಂ,’ ಎಂದರು.

ಗೇಟು ನೆಲಕ್ಕೆ ಉಜ್ಜುತ್ತದೆ. ಅದು ಅವರಿಗೂ ಗೊತ್ತಿತ್ತು.